462 ವೀಸಾದಲ್ಲಿ ಒಬ್ಬಳೇ ಮೆಲ್ಬರ್ನ್‌ಗೆ: ರೂಮು, ಕೆಲಸ ಮೊದಲೇ ಒಪ್ಪಿಕೊಂಡು ಬರಲಾ?

ಪ್ರಶ್ನೆ (ಶಿವಮೊಗ್ಗದಿಂದ):
ಅಕ್ಕಾ, ನಮಸ್ಕಾರ. ನನಗೆ 26. ಬಿ.ಇ. ಮುಗಿಸಿ ಬೆಂಗಳೂರಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ (462) ವೀಸಾದ ಲಾಟರಿಯಲ್ಲಿ ಹೆಸರು ಬಂದು ವೀಸಾನೂ ಆಯ್ತು, ಮುಂದಿನ ತಿಂಗಳು ಹೊರಡ್ತೀನಿ. ಮೆಲ್ಬರ್ನ್‌ನಲ್ಲಿ ಗುರುತಿನವರು ಯಾರೂ ಇಲ್ಲ. ವಾಟ್ಸಾಪ್ ಗುಂಪಲ್ಲಿ ಸಿಕ್ಕ ನಮ್ಮ ಕಡೆಯವರೊಬ್ಬರು ಅವರ ಮನೇಲೇ ರೂಮು ಕೊಡ್ತಾರಂತೆ, ನಾಲ್ಕು ವಾರದ ಬಾಂಡ್ (ಬಾಡಿಗೆ ಠೇವಣಿ) ದುಡ್ಡು ಈಗಲೇ ಹಾಕು ಅಂತಾರೆ. ಅವರ ಪರಿಚಯದ ಹೋಟೆಲಲ್ಲಿ ಕೆಲಸವೂ ಇದೆಯಂತೆ, ಗಂಟೆಗೆ 15 ಡಾಲರ್, ಕೈಗೇ ಕ್ಯಾಶ್, ಟ್ಯಾಕ್ಸ್ ಗೋಜಿಲ್ಲ. ಅಪ್ಪನಿಗೆ 'ನಮ್ಮವರು ಇದ್ದಾರಲ್ಲ' ಅಂತ ಸಮಾಧಾನ. ನನಗ್ಯಾಕೋ ಅಳುಕು. ಏನು ಮಾಡಲಿ?

ಉತ್ತರ (ಮೆಲ್ಬರ್ನ್‌ನ ಅಕೌಂಟೆಂಟ್, ಸಂಬಳದ ಲೆಕ್ಕ ನೋಡುವವರು):
ಎರಡಕ್ಕೂ ಬೇಡ ಅನ್ನಿ. ನಯವಾಗಿಯೇ ಅನ್ನಿ, ಆದರೆ ಅನ್ನಿ.

ಮೊದಲು ಕೆಲಸದ ವಿಷಯ, ಯಾಕೆಂದರೆ ಇದು ನನ್ನ ದಿನನಿತ್ಯದ ಪಾಡು. 2025ರ ಜುಲೈ 1ರಿಂದ ಇಲ್ಲಿ ದೊಡ್ಡವರಿಗೆ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಹೋಟೆಲಲ್ಲಿ ನಿಮ್ಮನ್ನು ತಗೊಳ್ಳೋದು ಬಹುತೇಕ ಕ್ಯಾಶುಯಲ್ ಅಂತ, ಅಂದ್ರೆ ಸಂಬಳದ ರಜೆಯಿಲ್ಲದ ಗಂಟೆ ಲೆಕ್ಕದ ಕೆಲಸ. ಅದಕ್ಕೆ ಶೇ. 25 ಸೇರಿ 31 ಡಾಲರ್ ದಾಟುತ್ತೆ. ನಿಮ್ಮ ವೀಸಾದವರಿಗೆ ಮೊದಲ 45,000 ಡಾಲರ್‌ವರೆಗೆ ತೆರಿಗೆ ಶೇ. 15. ಅದನ್ನು ಕಳೆದರೂ ಕೈಗೆ 26ರ ಮೇಲೆ ಬರುತ್ತೆ. 'ಟ್ಯಾಕ್ಸ್ ಗೋಜಿಲ್ಲ' ಅಂದವರು ಉಳಿಸುತ್ತಿರೋದು ನಿಮ್ಮ ದುಡ್ಡನ್ನಲ್ಲಮ್ಮ, ಅವರದ್ದನ್ನ.

ಕ್ಯಾಶ್ ಕೆಲಸಕ್ಕೆ ಪೇಸ್ಲಿಪ್ ಇರಲ್ಲ. ಪೇಸ್ಲಿಪ್ ಇಲ್ಲದಿದ್ದರೆ ನೀವು ಅಲ್ಲಿ ದುಡಿದಿದ್ದೇ ಸುಳ್ಳು ಅಂತ ಮಾಲೀಕ ವಾದಿಸಬಹುದು. ನಾನು ಓದೋಕೆ ಬಂದ ಹೊಸತರಲ್ಲಿ ನಮ್ಮ ಭಾಷೆಯವರದ್ದೇ ಒಂದು ಅಂಗಡಿಯಲ್ಲಿ ನಿಂತಿದ್ದೆ. ದೀಪಾವಳಿಗೆ ಮನೆಗೆ ಕರೆದು ಹೋಳಿಗೆ ಬಡಿಸಿದರು, ಸಂಬಳ ಮಾತ್ರ ಮೂರು ವಾರ 'ಮುಂದಿನ ವಾರ' ಆಯ್ತು. ಅಕ್ಕನ ಮದುವೆಯ ಲಗ್ನಪತ್ರಿಕೆ ನನ್ನ ಬ್ಯಾಗಲ್ಲಿತ್ತು. ಅದರ ಬೆನ್ನ ಮೇಲೆ ಎಡಗಡೆ ಬಂದ ಹೊತ್ತು, ಬಲಗಡೆ ಹೊರಟ ಹೊತ್ತು ದಿನಾ ಗೀಚಿಟ್ಟಿದ್ದೆ. ಕೊನೆಗೆ ಆ ಪತ್ರಿಕೆ ತೋರಿಸಿಯೇ ದುಡ್ಡು ವಸೂಲಾಗಿದ್ದು. ಈಗ ಸಂಬಳದ ದೂರು ನೋಡುವ ಸರ್ಕಾರಿ ಫೇರ್ ವರ್ಕ್ ಕಚೇರಿಯವರದ್ದೇ 'ರೆಕಾರ್ಡ್ ಮೈ ಅವರ್ಸ್' ಆ್ಯಪ್ ಇದೆ, ಮೊದಲ ದಿನವೇ ಹಾಕಿಕೊಳ್ಳಿ. ದೂರು ಕೊಟ್ಟರೆ ವೀಸಾ ರದ್ದು ಮಾಡಿಸ್ತೀನಿ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಮಾಲೀಕನಿಗೆ ಆ ಅಧಿಕಾರವೇ ಇಲ್ಲ. ವೀಸಾ ತೋರಿಸಿ ಹೆದರಿಸಿ ದುಡಿಸಿಕೊಳ್ಳೋದು 2024ರ ಜುಲೈನಿಂದ ಅಪರಾಧ.

ರೂಮಿನದ್ದು ಚಿಕ್ಕ ಮಾತು: ಕಣ್ಣಾರೆ ನೋಡದ ರೂಮಿಗೆ ಒಂದು ಡಾಲರೂ ಹಾಕಬೇಡಿ. ಮೊದಲ ಹತ್ತು ದಿನ ಹೆಣ್ಣುಮಕ್ಕಳ ಡಾರ್ಮ್ ಇರುವ ಹಾಸ್ಟೆಲ್ ಹಿಡಿಯಿರಿ, ಅಲ್ಲಿಂದಲೇ ಮನೆ ಹುಡುಕಿ. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಬಾಡಿಗೆಯ ಬಾಂಡ್ ಸಾಮಾನ್ಯವಾಗಿ ಮನೆಯವರ ಜೇಬಿಗಲ್ಲ, ಆರ್‌ಟಿಬಿಎ ಅನ್ನೋ ಸರ್ಕಾರಿ ಕಚೇರಿಗೆ ಹೋಗಬೇಕು. 'ಅಲ್ಲಿ ಕಟ್ಟುತ್ತೀರಾ?' ಅಂತ ಅವರನ್ನು ಒಮ್ಮೆ ಕೇಳಿ ನೋಡಿ, ಉತ್ತರದ ಧಾಟಿಯಲ್ಲೇ ಗೊತ್ತಾಗುತ್ತೆ.

ಪ್ರಶ್ನೆ (ಅವರೇ):
ಥ್ಯಾಂಕ್ಸ್ ಅಕ್ಕಾ. ಅಪ್ಪನಿಗೆ 31 ಡಾಲರ್ ಲೆಕ್ಕ ಓದಿ ಹೇಳಿದೆ, ಸುಮ್ಮನಾದರು. ಹಾಗಾದ್ರೆ ಇಳಿದ ತಕ್ಷಣ ಏನೇನು ಮಾಡಲಿ? ಕೆಲಸ ಹುಡುಕೋದು ಹೇಗೆ? ಇನ್ನೊಂದು, ಒಬ್ಬಳೇ ಇರೋದು ನನಗೆ ಹೊಸದು.

ಉತ್ತರ:
ಸಿಮ್, ಬ್ಯಾಂಕ್ ಖಾತೆ, ಟಿಎಫ್‌ಎನ್. ಟಿಎಫ್‌ಎನ್ ಅಂದ್ರೆ ತೆರಿಗೆ ನಂಬರು. ಇಲ್ಲಿ ಇಳಿದ ಮೇಲೆ ಆನ್‌ಲೈನಲ್ಲಿ ನೀವೇ ಅರ್ಜಿ ಹಾಕಬಹುದು, ಪುಕ್ಕಟೆ. ನೂರು ಡಾಲರ್ ಕೊಡಿ ಮಾಡಿಸಿಕೊಡ್ತೀವಿ ಅನ್ನೋರಿಗೆ ಕೈಮುಗಿಯಿರಿ. ಆ ನಂಬರು ಕೊಡದಿದ್ದರೆ ಸಂಬಳದಲ್ಲಿ ಶೇ. 45 ಹಿಡೀತಾರೆ. ನಮ್ಮ ದೇಶದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ಸಿಗಲ್ಲ, ಆರೋಗ್ಯ ವಿಮೆ ಮಾಡಿಸಿಕೊಂಡೇ ಹೊರಡಿ, ಅದರಲ್ಲಿ ಆಂಬ್ಯುಲೆನ್ಸ್ ಸೇರಿದೆಯಾ ನೋಡಿ.

ರೆಸ್ಯೂಮಿಂದ ಅಪ್ಪನ ಹೆಸರು, ಹುಟ್ಟಿದ ದಿನ, ಫೋಟೊ ಎಲ್ಲ ತೆಗೀರಿ. ಒಂದೇ ಪುಟ. ಕೆಫೆಗಳಿಗೆ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ನೀವೇ ಹೋಗಿ ಕೈಗೆ ಕೊಡಿ. ಹನ್ನೆರಡೂವರೆಗೆ ಹೋದರೆ ನಿಮ್ಮ ಮುಖ ನೋಡೋಕೂ ಪುರುಸೊತ್ತಿರಲ್ಲ. ಒಂದೇ ಮಾಲೀಕರ ಹತ್ತಿರ ಸಾಮಾನ್ಯವಾಗಿ ಆರು ತಿಂಗಳೇ ಮಿತಿ ಅನ್ನೋದು ನೆನಪಿರಲಿ. ಎರಡನೇ ವರ್ಷದ ವೀಸಾ ಬೇಕಂದರೆ ಮೂರು ತಿಂಗಳು ಸರ್ಕಾರ ಗೊತ್ತುಮಾಡಿದ ಊರು, ಗೊತ್ತುಮಾಡಿದ ಕೆಲಸ. ಹಾಸ್ಟೆಲಲ್ಲಿ ಫ್ರಾನ್ಸಿನ ಹುಡುಗರು ಹೇಳೋ ಪಿನ್‌ಕೋಡ್ ಪಟ್ಟಿ ಅವರ 417 ವೀಸಾದ್ದು. ನಿಮ್ಮದು 462, ಪಟ್ಟಿ ಬೇರೆ. ಇದು ತಿಳಿಯದೆ ತೋಟದಲ್ಲಿ ಬೆನ್ನು ಮುರಿದು ಹಣ್ಣು ಕಿತ್ತು, ಆಮೇಲೆ ನನ್ನ ಮುಂದೆ ಪೇಸ್ಲಿಪ್ ಹರವಿ ಅತ್ತವರಿದ್ದಾರೆ.

ಒಂಟಿತನದ್ದು ಲೆಕ್ಕದವಳಿಗೆ ಕೇಳ್ತೀರಲ್ಲ! ಆದರೂ ಹೇಳ್ತೀನಿ, ಆ ಭಯಕ್ಕೇ ತಾನೇ ನೀವು ನೋಡದ ರೂಮಿಗೆ ದುಡ್ಡು ಹಾಕೋಕೆ ಹೊರಟಿದ್ದು. ಎರಡನೇ ವಾರ ಕಷ್ಟ. ಕೆಲಸ ಸಿಕ್ಕಿರಲ್ಲ, ದುಡ್ಡು ಕರಗ್ತಿರುತ್ತೆ. ಸ್ವಾನ್‌ಸ್ಟನ್ ಬೀದಿಯ ಸ್ಟೇಟ್ ಲೈಬ್ರರಿಗೆ ಹೋಗಿ ಆ ದೊಡ್ಡ ಗುಮ್ಮಟದ ಕೆಳಗೆ ಕೂತು ಅರ್ಜಿ ಹಾಕಿ. ಕಾಸು ಕೇಳಲ್ಲ, ಸುತ್ತ ಜನ ಇರ್ತಾರೆ, ಊರ ಮಧ್ಯದ ಟ್ರಾಮೂ ಪುಕ್ಕಟೆ. ಅಮ್ಮನಿಗೆ ಫೋನು ರಾತ್ರಿ ಬೇಡ. ಅಲ್ಲಿ ಒಂಬತ್ತಾದಾಗ ಇಲ್ಲಿ ಒಂದೂವರೆ, ಇಲ್ಲಿನ ಬೇಸಿಗೆಯಲ್ಲಿ ಎರಡೂವರೆ. ನಿಮ್ಮ ಸಂಜೆ ಏಳಕ್ಕೆ ಮಾಡಿ, ಅವರು ಊಟ ಮುಗಿಸಿ ಅಡ್ಡಾಗೋ ಹೊತ್ತು. ಕನ್ನಡ ಸಂಘಕ್ಕೂ ಹೋಗಿ, ಬೇಡ ಅನ್ನಲ್ಲ. ಹಬ್ಬಕ್ಕೆ ಹೋಗಿ, ಊಟಕ್ಕೆ ಹೋಗಿ. ಕೆಲಸಕ್ಕೆ ಕರೆದರೆ ಮಾತ್ರ ಪೇಸ್ಲಿಪ್ ಕೇಳಿ.

ಇನ್ನೊಬ್ಬ ಸದಸ್ಯರು (ಹಾಸನ):
ಮೇಡಂ, ನಮ್ಮ ಮಗನೂ ಇದೇ ವೀಸಾದಲ್ಲಿ ಹೊರಟಿದ್ದಾನೆ. ಮನೆಯ ಮಾವಿನ ಉಪ್ಪಿನಕಾಯಿ, ಒಗ್ಗರಣೆಗೆ ಹಸಿ ಕರಿಬೇವು ಕಳಿಸಬಹುದಾ?

ಉತ್ತರ:
ಹಸಿ ಕರಿಬೇವು ಬೇಡವೇ ಬೇಡ ಸರ್. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತೆ, ಬೆಲೆ ನೋಡಿ ಎದೆ ಒಡೆದುಕೊಂಡರೂ ಪರವಾಗಿಲ್ಲ. ಉಪ್ಪಿನಕಾಯಿ ಇರಲಿ, ಪುಡಿ ಇರಲಿ, ವಿಮಾನದಲ್ಲಿ ಕೊಡೋ ಕಾರ್ಡಲ್ಲಿ ಆಹಾರ ಇದೆ ಅನ್ನೋ ಕಡೆ 'ಹೌದು' ಅಂತ ಗುರುತು ಹಾಕಲು ಹೇಳಿ. ಹೇಳಿಕೊಂಡು ತಂದರೆ ಬಾಟಲಿ ತೆರೆಸಿ ನೋಡ್ತಾರೆ, ಹೆಚ್ಚೆಂದರೆ ಕಸದ ಡಬ್ಬಿಗೆ ಹಾಕ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ವೀಸಾಗೂ ಸಂಚಕಾರ. ಬಾಟಲಿ ಮಾತ್ರ ಚೆಕ್‌-ಇನ್ ಬ್ಯಾಗಲ್ಲಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ. ಎಣ್ಣೆ ಸೋರಿ ನನ್ನ ಒಂದೇ ಒಂದು ಸ್ವೆಟರ್ ಹಾಳಾಗಿತ್ತು.