ಊಟದ ಮುಂದೆ ಕೂತ ಮಕ್ಕಳು ಮತ್ತು ನಮ್ಮ ಮನೆತನದ ಗುಂಪು

ಕಾಕಾ ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದರು. ಜೊತೆಗೆ ಬರಹ: 'ರಾಯಚೂರು ಜಿಲ್ಲೆಯ ಹಾಸ್ಟೆಲ್‌ನಲ್ಲಿ ಬಡ ಮಕ್ಕಳ ಮತಾಂತರ. ವಿದೇಶಿ ದುಡ್ಡಿನ ಆಟ. ಎಲ್ಲರಿಗೂ ಕಳಿಸಿ.' ಹಲವು ಬಾರಿ ಫಾರ್ವರ್ಡ್ ಆದದ್ದು ಅನ್ನುವ ಗುರುತು ಮೇಲೇ ಇತ್ತು.

ನಾನು ಅದನ್ನು ಪೂರ್ತಿ ನೋಡಿದೆ. ಉದ್ದನೆಯ ವರಾಂಡ. ಮಕ್ಕಳು ಎರಡು ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮುಂದೆ ಸ್ಟೀಲ್ ತಟ್ಟೆ, ಅದರಲ್ಲಿ ಅನ್ನ, ಬೇಳೆ ಸಾರು. ಕೈ ಜೋಡಿಸಿ, ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದಾರೆ. ಒಬ್ಬ ಪುಟ್ಟ ಹುಡುಗಿ ಮಾತ್ರ ಒಂದು ಕಣ್ಣು ತೆರೆದು ತಟ್ಟೆ ನೋಡುತ್ತಿದ್ದಾಳೆ. ಗೋಡೆ ಮೇಲೆ ಶಿಲುಬೆ ಇದೆ. ಊಟಕ್ಕೆ ಮುಂಚಿನ ಪ್ರಾರ್ಥನೆ ಅದು, ಅಷ್ಟೇ.

ಬೆಂಗಳೂರಿನಲ್ಲಿರುವ ತಮ್ಮ ಮೊದಲು ಕೇಳಿದ: 'ಕಾಕಾ, ಯಾವ ಊರು? ಯಾವ ವರ್ಷದ್ದು? ಹಿಂದಿನ ಬೋರ್ಡ್ ಮೇಲೆ ತೆಲುಗು ಬರೆದಿದೆ ನೋಡ್ರಿ.'

ಕಾಕಾ: 'ರಾಯಚೂರಲ್ಲಿ ತೆಲುಗು ಇರೋದಿಲ್ವೇನಪ್ಪಾ? ಕೃಷ್ಣಾ ದಾಟಿದರೆ ತೆಲಂಗಾಣ. ಬೆಂಗಳೂರು ಸೇರಿದ ಮೇಲೆ ನಿನಗೆ ಊರೇ ಮರೆತುಹೋಗಿದೆ.'

ಅಲ್ಲಿಂದ ಮಾತು ಊರು ಬಿಟ್ಟವರ ಕಡೆ ತಿರುಗಿತು. ಜಾತ್ರೆಗೆ ಯಾರು ಬರಲಿಲ್ಲ, ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಯಾರು ಬಂದರು, ಎಲ್ಲ ಬಂತು. ತಮ್ಮ ಕೇಳಿದ ಪ್ರಶ್ನೆ ಹಾಗೇ ಉಳಿಯಿತು.

ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರು. ಅವರ ಮೆಸೇಜು ಯಾವಾಗಲೂ ಉದ್ದ. 'ಅನ್ನಕ್ಕಾಗಿ ಧರ್ಮ ಬಿಡಬಾರದು. ಕೊಪ್ಪಳದ ಗವಿಮಠ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಡುತ್ತಿದೆ. ಬೇರೆಯವರ ಬಾಗಿಲಿಗೆ ಯಾಕೆ ಹೋಗಬೇಕು?' ಮಠದ ಬಗ್ಗೆ ಅವರು ಹೇಳಿದ್ದು ಅಕ್ಷರಶಃ ನಿಜ. ಆ ಊಟ ಉಂಡು ಓದಿ ನೌಕರಿ ಹಿಡಿದವರು ನಮ್ಮ ಬಳಗದಲ್ಲೂ ಇದ್ದಾರೆ.

ಆದರೆ ಕೊಪ್ಪಳದ ಅಕ್ಕ ಸುಮ್ಮನಿರಲಿಲ್ಲ. 'ಹಾಗಾದರೆ ನಿಮ್ಮ ಇಬ್ಬರು ಹೆಣ್ಣುಮಕ್ಕಳು ಸಿಸ್ಟರ್‌ಗಳ ಕಾನ್ವೆಂಟಲ್ಲಿ ಯಾಕೆ ಓದಿದರು ದೊಡ್ಡಪ್ಪ? ಅಲ್ಲೂ ದಿನಾ ಪ್ರಾರ್ಥನೆ ಇತ್ತಲ್ವಾ?'

ದೊಡ್ಡಪ್ಪ: 'ನಾನು ಫೀಸು ಕಟ್ಟಿ ಓದಿಸಿದ್ದೇನೆ.'

ಈ ಒಂದು ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಫೀಸು ಕಟ್ಟುವ ಮನೆಯ ಮಗು ಹೇಳಿದರೆ ಅದು ಶಿಸ್ತು. ಕಟ್ಟಲಾಗದ ಮನೆಯ ಮಗು ಅದನ್ನೇ ಹೇಳಿದರೆ ಮತಾಂತರ. ಪ್ರಾರ್ಥನೆ ಒಂದೇ, ಶಿಲುಬೆ ಒಂದೇ. ನಡುವೆ ಇರುವುದು ದುಡ್ಡು.

ಅದನ್ನು ಯಾರೂ ಮುಟ್ಟಲಿಲ್ಲ. ಕಾಕಾ ಹಳೆಯ ಗಾಯ ಕೆದಕಿದರು: 'ದೊಡ್ಡವರ ಮನೆಗೆ ಕಾನ್ವೆಂಟು, ನಮ್ಮ ಮಕ್ಕಳಿಗೆ ಕನ್ನಡ ಶಾಲೆ. ಹೊಲ ಹಂಚುವಾಗಲೂ ಹಾಗೇ ಆಯ್ತು. ಕಾಲುವೆ ಕಡೆಯದು ಯಾರಿಗೆ ಹೋಯ್ತು?' ಮಧ್ಯಾಹ್ನದ ತನಕ ಅದೇ ನಡೆಯಿತು.

ನಡುವೆ ಬಳ್ಳಾರಿಯ ಮಾವ ಬಂದು ವಾರ್ಡ್ಲಾ ಶಾಲೆ ನೆನೆದರು. ಕೋಟೆ, ಬಿಸಿಲು, ಫುಟ್‌ಬಾಲು, ಸೈಕಲ್ಲು. 'ಮಿಷನ್‌ನವರ ಶಾಲೆ ಕಣ್ರೋ ಅದು, 1846ರದ್ದು. ನಾವೆಲ್ಲ ಅಲ್ಲೇ ಓದಿದೆವು. ಯಾರು ಬದಲಾದರು ಹೇಳಿ?' ಮಾವ ಮಾತು ತಪ್ಪಿಸಲು ಹೇಳಿದರೋ ಏನೋ, ಇಡೀ ದಿನದಲ್ಲಿ ವಿಷಯಕ್ಕೆ ಸಂಬಂಧಪಟ್ಟ ಮಾತು ಅದೊಂದೇ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಧರ್ಮ ಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಲಿಲ್ಲ. ಜೊತೆಗೆ ಶಾಲೆಯೂ ಬಂತು, ಅಚ್ಚುಕೂಟವೂ ಬಂತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1844ರಲ್ಲಿ 'ಕನ್ನಡ ಸಮಾಚಾರ' ಆಗಿ ಅಚ್ಚಾದದ್ದು ಬಳ್ಳಾರಿಯಲ್ಲೇ. ಎರಡನ್ನೂ ಒಟ್ಟಿಗೇ ಒಪ್ಪಿಕೊಂಡು ಮಾತಾಡಬೇಕು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ನಮ್ಮ ಕಡೆ ಅಪ್ಪ ಅಮ್ಮ ಕೂಲಿ ಹುಡುಕಿ ಗುಳೆ ಹೊರಟರೆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಬೆಂಗಳೂರಿನ ಯಾವುದೋ ಕಟ್ಟಡದ ಮರಳಿನ ಗುಡ್ಡೆ ಮೇಲೆ ಇರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದಾಗ ರಾಯಚೂರು ಶೇ 60 ಕೂಡ ಮುಟ್ಟಲಿಲ್ಲ. ಹಾಗಾಗಿ ಸಂಜೆ ನಾನೂ ಬರೆದೆ. ಗುಂಪಿಗೆ ಹಾಕಿದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ.

'ಸರ್ಕಾರದ ಮೊರಾರ್ಜಿ ವಸತಿ ಶಾಲೆ ಶುರುವಾಗುವುದು 6ನೇ ತರಗತಿಯಿಂದ. ಹೆಣ್ಣುಮಕ್ಕಳ ಕಸ್ತೂರಬಾ ವಸತಿ ಶಾಲೆಯೂ 6ರಿಂದಲೇ. ಗುಳೆ ಹೋಗುವವರ ಎರಡನೇ ಕ್ಲಾಸಿನ ಮಗು ಎಲ್ಲಿರಬೇಕು? ಚಿಕ್ಕ ಮಕ್ಕಳನ್ನು ಇಟ್ಟುಕೊಳ್ಳುವ ಸರ್ಕಾರಿ ಆಶ್ರಮ ಶಾಲೆ ಎಲ್ಲ ಕಡೆ ಇಲ್ಲ. ಅಜ್ಜಿ ಇದ್ದರೆ ಅಜ್ಜಿ. ಇಲ್ಲದಿದ್ದರೆ ಮಠ, ಇಲ್ಲಾ ಸಿಸ್ಟರ್‌ಗಳ ಹಾಸ್ಟೆಲ್. ಇದು ಧರ್ಮದ ಆಯ್ಕೆ ಅಲ್ಲ, ಜಾಗ ಎಲ್ಲಿ ಸಿಕ್ಕಿತು ಅನ್ನುವುದು.

ಅನುಮಾನ ಇದ್ದರೆ ಕೇಳಲೇಬೇಕು. ನಮ್ಮ ಶಾಲೆಯ ಒಬ್ಬ ಹುಡುಗನನ್ನು ಒಂದು ಸಂಸ್ಥೆಯವರು ಟಿಸಿಯನ್ನೂ ಕೇಳದೆ ಕರೆದುಕೊಂಡು ಹೋದರು. ಅವನ ತಾಯಿಗೆ ವಿಳಾಸ ಕೂಡ ಕೊಟ್ಟಿರಲಿಲ್ಲ. ನನಗೆ ಈಗಲೂ ಸಿಟ್ಟಿದೆ. ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ಮಠದ್ದಾಗಲಿ, ಚರ್ಚಿನದ್ದಾಗಲಿ, 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ತಂದೆ ತಾಯಿ ಒಪ್ಪದೆ ಮಗುವನ್ನು ಪೂಜೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲೇ ಇದೆ. ನೋಂದಣಿ ಆಗಿದೆಯಾ? ಹೆತ್ತವರು ಒಪ್ಪಿದ್ದಾರಾ? ಕೇಳಬೇಕಾದ್ದು ಇಷ್ಟು. ಉತ್ತರ ಸರಿ ಅನ್ನಿಸದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ವಿದೇಶಿ ದುಡ್ಡು ಅಂದಿರಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅನ್ನುವ ಕ್ರೈಸ್ತ ಸಂಸ್ಥೆಗೆ ಭಾರತಕ್ಕೆ ದುಡ್ಡು ಕಳಿಸಲು ಅನುಮತಿ ಸಿಗದೆ 2017ರಲ್ಲಿ ಅದು ಇಲ್ಲಿನ ಕೆಲಸ ನಿಲ್ಲಿಸಿತು. ಒಂದು ಲಕ್ಷ ನಲವತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಅದರ ನೆರವಿನಲ್ಲಿದ್ದರು. ಸರಿಯೋ ತಪ್ಪೋ ಅಂತ ವಾದ ಮಾಡಿದವರು ಬಹಳ. ಮುಂದಿನ ಫೀಸು ಯಾರು ಕಟ್ಟುತ್ತಾರೆ ಅಂತ ಕೇಳಿದವರು ಎಷ್ಟು ಜನ?

ಕೊನೆಯದಾಗಿ, ಆ ವಿಡಿಯೊದಲ್ಲಿ ಎಲ್ಲ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುತ್ತಿದೆ. ನಾಳೆ ಆ ಊರಿನವರು ಗುರುತು ಹಿಡಿದು "ಇವಳೇ ಅಲ್ವಾ" ಅನ್ನುತ್ತಾರೆ. ನಮ್ಮ ಮನೆ ಮಕ್ಕಳು ಊಟಕ್ಕೆ ಕೂತದ್ದನ್ನು ಯಾರೋ ಹೀಗೆ ಊರೆಲ್ಲ ಹಂಚಿದರೆ ಸುಮ್ನೆ ಇರ್ತೀವಾ? ದಯವಿಟ್ಟು ಅಳಿಸಿ.'

ತಮ್ಮ ಹೆಬ್ಬೆರಳು ಒತ್ತಿದ. ದೊಡ್ಡಪ್ಪ 'ವಿಚಾರ ಮಾಡತಕ್ಕದ್ದು' ಎಂದರು. ಕಾಕಾ ಉತ್ತರ ಕೊಡಲಿಲ್ಲ, ವಿಡಿಯೊವನ್ನೂ ತೆಗೆಯಲಿಲ್ಲ. ಚಿಗವ್ವ ಶುಭರಾತ್ರಿ ಚಿತ್ರ ಹಾಕಿದರು.

ಗುಂಪಿನಲ್ಲಿ ಒಂದಕ್ಷರ ಬರೆಯದ ವೈನಿ, ಅಂದರೆ ಕಾಕಾನ ಸೊಸೆ, ರಾತ್ರಿ ನನಗೊಬ್ಬಳಿಗೇ ಬರೆದರು. ಅವರ ಹೊಲದಲ್ಲಿ ದುಡಿಯುವ ದಂಪತಿ ಹಬ್ಬ ಮುಗಿಸಿ ಗುಳೆ ಹೋಗುತ್ತಾರಂತೆ. ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಏಳನೇ ತರಗತಿ, ಇನ್ನೊಬ್ಬಳು ಮೂರನೇ. 'ದೊಡ್ಡವಳಿಗೆ ಕಸ್ತೂರಬಾ ಶಾಲೆ ಕೇಳಬಹುದು, ಸಣ್ಣವಳದ್ದೇ ಚಿಂತೆ. ಅವರಮ್ಮನಿಗೆ ಶಿಲುಬೆ ಇದ್ದರೂ ಪರವಾಗಿಲ್ಲ, ರಾತ್ರಿ ಬಾಗಿಲು ಭದ್ರ ಇದ್ದರೆ ಸಾಕಂತೆ. ಎಲ್ಲಿ ಕೇಳಲಿ?'

ಮೊದಲು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ವಿಚಾರಿಸೋಣ ಅಂದೆ. ಆಮೇಲೆ ಹಾಸ್ಟೆಲ್‌ಗೆ ಹೋಗಿ ನೋಂದಣಿ ಪತ್ರ ನೋಡುವುದು, ತಾಯಿಯನ್ನೂ ಜೊತೆಗೆ ಕರೆದೊಯ್ಯುವುದು. ಆಧಾರ್, ಪಡಿತರ ಚೀಟಿ, ಜಾತಿ ಆದಾಯ ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಿಡಲು ಹೇಳಿದ್ದೇನೆ.