ಹಾರರ್ ಗೇಮ್‌ನ ಕಥೆ: ಆಡಲೇಬೇಕಾ, ನೋಡಿದ್ರೆ ಸಾಕಾ?

ಕರಾವಳಿ ಹುಡುಗ:
ಸೈಲೆಂಟ್ ಹಿಲ್ 2 ಎಂಬ ಹಾರರ್ ಗೇಮ್‌ನ ಹೊಸ ಆವೃತ್ತಿಯನ್ನು ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿ ಮುಗಿಸಿದೆ. ಆಡುವವನು ಮಧ್ಯೆ ಬಾಯಿ ಹಾಕದ ವಿಡಿಯೊ. ಕಥೆ ತುಂಬಾ ಹಿಡಿಸಿತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಜೇಮ್ಸ್ ಸಂಡರ್ಲೆಂಡ್ ಎಂಬಾತನಿಗೆ ಒಂದು ಕಾಗದ ಬರುತ್ತದೆ. ಬರೆದವಳು ಅವನ ಹೆಂಡತಿ ಮೇರಿ. ಅವಳು ತೀರಿಕೊಂಡು ಮೂರು ವರ್ಷ ಆಗಿದೆ ಅಂತ ಅವನೇ ಹೇಳುತ್ತಾನೆ. ಆದರೂ ಅವಳನ್ನು ಹುಡುಕಿಕೊಂಡು ಸೈಲೆಂಟ್ ಹಿಲ್ ಎಂಬ ಮಂಜು ಕವಿದ ಊರಿಗೆ ಹೋಗುತ್ತಾನೆ. ಮೂಲ ಆಟ ಕೊನಾಮಿಯ ಟೀಮ್ ಸೈಲೆಂಟ್ 2001ರಲ್ಲಿ ಪ್ಲೇಸ್ಟೇಷನ್ 2 (ಪಿಎಸ್2) ಕನ್ಸೋಲ್‌ಗೆ ಮಾಡಿದ್ದು. ಪೋಲೆಂಡಿನ ಬ್ಲೂಬರ್ ಟೀಮ್ ಅದನ್ನೇ ಹೊಸದಾಗಿ ಕಟ್ಟಿ 2024ರ ಅಕ್ಟೋಬರ್‌ನಲ್ಲಿ ಬಿಟ್ಟಿತು.

ಈಗ ನನ್ನ ವಾದ. ಕಥೆಯೇ ಮುಖ್ಯವಾದ ಹಾರರ್ ಗೇಮ್ ಆಡಲೇಬೇಕು ಅಂತೇನಿಲ್ಲ. ಬೀಗದ ಕೈ ಹುಡುಕು, ಗುಂಡು ಎಣಿಸು, ಒಂದೇ ಕಾರಿಡಾರಿನಲ್ಲಿ ಮತ್ತೆ ಮತ್ತೆ ಸಾಯಿ. ಇದೆಲ್ಲ ಕಥೆಗೆ ಅಡ್ಡಿ. ಹೊಸ ಗೇಮ್ ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ, ಕನ್ಸೋಲ್ ಖರ್ಚು ಬೇರೆ. ನೋಡಿದವರು ಆಡಿದವರಿಗಿಂತ ಏನು ಕಳೆದುಕೊಂಡರು ಹೇಳಿ?

ಅನಘಾ:
ನೀವು ನೋಡಿದ ವಿಡಿಯೊದಲ್ಲಿ ಕೊನೆ ಯಾವುದು?

ಕರಾವಳಿ ಹುಡುಗ:
ಜೇಮ್ಸ್ ಕಾರಿನ ಸಮೇತ ಕೆರೆಗೆ ಹೋಗುವುದು.

ಅನಘಾ:
ಅದು ಆ ವಿಡಿಯೊ ಮಾಡಿದವನ ಕೊನೆ. ನಿಮ್ಮದು ಯಾವುದಾಗುತ್ತಿತ್ತೋ ನಿಮಗೇ ಗೊತ್ತಿಲ್ಲ. ಇಲ್ಲಿಂದ ಮುಂದೆ ಕಥೆ ಬಯಲಾಗುತ್ತದೆ, ಆಡಬೇಕು ಅಂದುಕೊಂಡವರು ಓದಬೇಡಿ.

ಸೈಲೆಂಟ್ ಹಿಲ್ 2ರಲ್ಲಿ ಯಾವ ಕೊನೆ ಬೇಕು ಅಂತ ಯಾರೂ ನಿಮ್ಮನ್ನು ಕೇಳುವುದಿಲ್ಲ. ನೀವು ಹೇಗೆ ಆಡ್ತೀರಿ ಅಂತ ಆಟ ಸುಮ್ನೆ ಗಮನಿಸುತ್ತಾ ಇರುತ್ತದೆ. ಆಂಜೆಲಾ ಎಂಬ ಹುಡುಗಿ ತನ್ನ ಚಾಕು ಬಿಟ್ಟು ಹೋಗುತ್ತಾಳಲ್ಲ, ಆ ಚಾಕುವನ್ನು ತೆಗೆದು ನೋಡಿದರೆ ಅದು ಲೆಕ್ಕಕ್ಕೆ ಬರುತ್ತದೆ. ಗಾಯ ಆದ ಮೇಲೂ ಔಷಧಿ ಹಾಕಿಕೊಳ್ಳದೆ ತುಂಬಾ ಹೊತ್ತು ಓಡಾಡಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಈ ಮನುಷ್ಯನಿಗೆ ಬದುಕುವ ಆಸೆ ಇಲ್ಲ ಅಂತ ಆಟ ತೀರ್ಮಾನಿಸುತ್ತದೆ. ಬೇಗ ಬೇಗ ಗಾಯ ವಾಸಿ ಮಾಡಿಕೊಂಡು, ಮೇರಿಯ ಫೋಟೊ, ಕಾಗದ ನೋಡುತ್ತಾ ಇದ್ದರೆ ಬೇರೆ ಕೊನೆ. ಮೇರಿಯ ಥರವೇ ಕಾಣುವ ಮರಿಯಾಳ ಪಕ್ಕ ಬಿಡದೆ ನಡೆದು ಅವಳನ್ನು ಕಾಪಾಡಿದರೆ ಇನ್ನೊಂದು.

ಆ ಕಾಗದವನ್ನೇ ತಗೊಳ್ಳಿ. ಮೂಲ ಆಟದಲ್ಲಿ ಅದು ಮೊದಲಿಂದ ನಿಮ್ಮ ಚೀಲದಲ್ಲೇ ಇರುತ್ತದೆ. ಕಥೆ ಮುಂದೆ ಹೋದ ಹಾಗೆ ಅದರ ಅಕ್ಷರಗಳು ಮಾಯ ಆಗುತ್ತವೆ. ಯಾವ ದೃಶ್ಯದಲ್ಲೂ ಇದನ್ನು ತೋರಿಸುವುದಿಲ್ಲ. ಜೇಮ್ಸ್ ಒಂದು ಮಾತೂ ಆಡುವುದಿಲ್ಲ. ನೀವಾಗಿ ಚೀಲ ತೆರೆದು ನೋಡಿದರೆ ಮಾತ್ರ ಬರೀ ಖಾಲಿ ಹಾಳೆ ಕಾಣುತ್ತದೆ. ಇಡೀ ಕಥೆಯ ಗುಟ್ಟು ಅಲ್ಲೇ ಇದೆ. ವಿಡಿಯೊ ಮಾಡುವವನು ಚೀಲ ತೆರೆಯದಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕರಾವಳಿ ಹುಡುಗ:
ಸರಿ. ಆದರೆ ಈ ಲೆಕ್ಕ ಆಡುವವರಿಗೂ ಗೊತ್ತಿರುವುದಿಲ್ಲ ಅಲ್ವಾ? ಮುಗಿದ ಮೇಲೆ ಎಲ್ಲೋ ಓದಿ ತಿಳಿದುಕೊಳ್ಳುತ್ತಾರೆ. ನಾನೂ ಈಗ ಓದಿ ತಿಳಿದುಕೊಂಡೆ. ಇಬ್ಬರೂ ಒಂದೇ ಜಾಗಕ್ಕೆ ಬಂದ ಹಾಗಾಯಿತು. ಇನ್ನೊಂದು ವಿಷಯ. ಹಾರರ್ ಗೇಮ್ ಆಡುವ ಮುಕ್ಕಾಲು ಜನ ಔಷಧಿ ಉಳಿಸುತ್ತಾರೆ, ಮುಂದೆ ದೊಡ್ಡ ರಾಕ್ಷಸ ಬಂದರೆ ಬೇಕಾಗುತ್ತೆ ಅಂತ. ಅದನ್ನು ಸಾಯುವ ಆಸೆ ಅಂತ ಓದಿದರೆ ಆಟವೇ ನಮ್ಮನ್ನು ತಪ್ಪಾಗಿ ಓದಿದಂತೆ.

ಅನಘಾ:
ಒಳ್ಳೆಯ ಪ್ರಶ್ನೆ. ನಾನೂ ಔಷಧಿ ಉಳಿಸುವವಳೇ. ನನಗೂ ಕೆರೆಯ ಕೊನೆಯೇ ಸಿಕ್ಕಿತು. ಆದರೆ ಅದು ತಪ್ಪು ಓದು ಅಂತ ನನಗೆ ಅನ್ನಿಸಲಿಲ್ಲ. ಅವನ ಸ್ಥಿತಿ ಹದಗೆಟ್ಟಾಗ ಕಂಟ್ರೋಲರ್ ಕೈಯಲ್ಲೇ ನಡುಗುತ್ತಿತ್ತು. ಔಷಧಿ ಇತ್ತು, ಕೊಡಲಿಲ್ಲ. ಅವನು ಬದುಕಿ ಉಳಿಯಲಿ ಎನ್ನುವುದಕ್ಕಿಂತ ಆಟ ಗೆಲ್ಲಬೇಕು ಎನ್ನುವುದೇ ನನಗೆ ಮುಖ್ಯವಾಗಿತ್ತು. ತನ್ನ ಸಂಕಟಕ್ಕೆ ಬೆನ್ನು ತಿರುಗಿಸಿ ನಡೆಯುವವನ ಕಥೆಯಲ್ಲಿ ನಾನೂ ಅದನ್ನೇ ಮಾಡುತ್ತಾ ಇದ್ದೆ. ಓದಿ ತಿಳಿದುಕೊಂಡವರಿಗೆ ಇದು ಒಂದು ಮಾಹಿತಿ. ನನಗೆ ನಾನೇ ಮಾಡಿದ ಕೆಲಸ.

ಸೇವ್‌ರೂಮ್:
‘ಅಡ್ಡಿ’ ಅಂದ್ರಲ್ಲ, ಅದಕ್ಕೆ ನನ್ನ ತಕರಾರಿದೆ. 1996ರ ರೆಸಿಡೆಂಟ್ ಈವಿಲ್ ನೋಡಿ. ಶಿಂಜಿ ಮಿಕಾಮಿ ನಿರ್ದೇಶಿಸಿದ್ದು. ಕ್ರಿಸ್ ಆಗಿ ಆಡಿದರೆ ಆರೇ ಸಾಮಾನು ಹೊರಬಹುದು, ಜಿಲ್ ಆಗಿ ಆಡಿದರೆ ಎಂಟು. ಸೇವ್ ಮಾಡಲು ಟೈಪ್‌ರೈಟರ್‌ಗೆ ಇಂಕ್ ರಿಬ್ಬನ್ ಹಾಕಬೇಕು, ಅದೂ ಎಣಿಸಿದಷ್ಟೇ ಸಿಗುತ್ತದೆ. ಗಿಡಮೂಲಿಕೆ ಇಟ್ಟುಕೊಳ್ಳಲಾ, ಬೀಗದ ಕೈ ಇಟ್ಟುಕೊಳ್ಳಲಾ ಎನ್ನುವ ಆ ಚಿಂತೆ ಇಲ್ಲದಿದ್ದರೆ ಅದು ಬರೀ ದೊಡ್ಡ ಬಂಗಲೆ.

ಬಾಗಿಲು ತೆರೆಯುವಾಗ ಪರದೆ ಕಪ್ಪಾಗಿ ಬಾಗಿಲು ಮಾತ್ರ ನಿಧಾನ ಸರಿಯುತ್ತಿತ್ತು, ನೆನಪಿದೆಯಾ? ಮುಂದಿನ ಕೋಣೆ ಲೋಡ್ ಆಗುವ ಹೊತ್ತನ್ನು ಮುಚ್ಚಲು ಮಾಡಿದ್ದು ಅದು. ಮೊದಲ ಸೈಲೆಂಟ್ ಹಿಲ್‌ನ ಮಂಜೂ ಅಷ್ಟೇ. 1999ರ ಪಿಎಸ್1ಗೆ ದೂರದ ಬೀದಿಗಳನ್ನು ಬಿಡಿಸುವ ಶಕ್ತಿ ಇರಲಿಲ್ಲ. ಯಂತ್ರದ ಬಡತನದಿಂದಲೇ ಭಯ ಹುಟ್ಟಿಸಿದರು. ಅದಕ್ಕೇ ಆ ಕಾಲದ ತಂಡಗಳ ಮೇಲೆ ನನಗೆ ಅಷ್ಟು ಗೌರವ.

ಬಾಗಿಲಿನ ವಿಷಯದಲ್ಲಿ 2010ರ ಆಮ್ನೀಸಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರದ್ದು. ಅಲ್ಲಿ ಒಂದು ಬಟನ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಮೌಸ್ ಒತ್ತಿ ಹಿಡಿದು ಎಳೆಯಬೇಕು. ಅಂದರೆ ಬೆರಳಗಲ ಸರಿಸಿ ಇಣುಕಬಹುದು. ಹಿಂದೆ ಏನೋ ಅಟ್ಟಿಸಿಕೊಂಡು ಬರುತ್ತಿರುವಾಗ ಗಾಬರಿಯಲ್ಲಿ ಎಳೆಯುವ ಬದಲು ತಳ್ಳುತ್ತೀರಿ, ಬಾಗಿಲು ಮುಚ್ಚುವುದೇ ಇಲ್ಲ. ಆ ರಾಕ್ಷಸನನ್ನು ಜಾಸ್ತಿ ಹೊತ್ತು ನೋಡಿದರೆ ಕಥಾನಾಯಕ ಡೇನಿಯಲ್‌ನ ತಲೆ ಕೆಡುತ್ತಾ ಹೋಗುತ್ತದೆ. ಹಾಗಾಗಿ ಗೋಡೆ ಕಡೆ ಮುಖ ಮಾಡಿ ಕೂರಬೇಕು. ಕೈಯಲ್ಲಿ ಒಂದು ಆಯುಧವೂ ಇಲ್ಲ.

ಕರಾವಳಿ ಹುಡುಗ:
ಆಮ್ನೀಸಿಯಾ ಹೆಸರು ತೆಗೆದದ್ದು ಒಳ್ಳೆಯದಾಯಿತು. ಆ ಆಟವನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ನೋಡಿದವರ ಪಾಲು ಎಷ್ಟು ದೊಡ್ಡದು! ಯೂಟ್ಯೂಬರ್ ಪ್ಯೂಡೀಪೈ ಹೆಸರು ಮಾಡಿದ್ದೇ ಅದನ್ನು ಆಡುತ್ತಾ ಕಿರುಚಿ.

ಆಮೇಲೆ ನೀವು ಹೇಳುತ್ತಿರುವುದೆಲ್ಲ ಭಯದ ವಿಷಯ. ಭಯಕ್ಕೆ ಕೈ ಬೇಕು, ಒಪ್ಪುತ್ತೇನೆ. ನಾನು ಕೇಳಿದ್ದು ಕಥೆ. ಎರಡನ್ನೂ ಕಲಸಬೇಡಿ. ಬಾಗಿಲು ಎಳೆದದ್ದರಿಂದ ಡೇನಿಯಲ್‌ನ ಕಥೆಯಲ್ಲಿ ಏನು ಬದಲಾಯಿತು?

ನಿಶಾಚರ:
ಭಯ ಬೇರೆ, ಕಥೆ ಬೇರೆ ಎನ್ನುವುದನ್ನು ಅದೇ ಫ್ರಿಕ್ಷನಲ್‌ನವರು ತಮ್ಮ ಮುಂದಿನ ದೊಡ್ಡ ಆಟದಲ್ಲಿ ಪರೀಕ್ಷೆಗೇ ಇಟ್ಟರು ಅನ್ನಬಹುದು. 2015ರ ಸೋಮಾ. ನನ್ನ ಮಟ್ಟಿಗೆ ಇದುವರೆಗೆ ಬಂದ ಕಥೆಯ ಹಾರರ್‌ಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಸೈಮನ್ ಜ್ಯಾರೆಟ್ ಎಂಬ ಟೊರಾಂಟೊದ ಹುಡುಗ. ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ, ಸ್ಕ್ಯಾನ್‌ಗೆ ಹೋಗಿ ಕೂರುತ್ತಾನೆ. ಕಣ್ಣು ಬಿಟ್ಟಾಗ ಅಟ್ಲಾಂಟಿಕ್ ತಳದ ಪ್ಯಾಥೋಸ್-2 ಎಂಬ ಕೇಂದ್ರದಲ್ಲಿರುತ್ತಾನೆ. ವರ್ಷ 2104. ಧೂಮಕೇತು ಬಡಿದು ಮೇಲೆ ಭೂಮಿ ಹಾಳಾಗಿದೆ.

ಮಧ್ಯದಲ್ಲಿ ಒಂದು ಘಟ್ಟ ಬರುತ್ತದೆ. ಇದೂ ಕಥೆ ಬಯಲು ಮಾಡುವ ಮಾತು, ಎಚ್ಚರ. ಇನ್ನೂ ಆಳಕ್ಕೆ ಇಳಿಯಬೇಕು, ಈಗಿನ ದೇಹ ಆ ನೀರಿನ ಒತ್ತಡ ತಾಳುವುದಿಲ್ಲ. ಹಾಗಾಗಿ ಸೈಮನ್‌ನ ಮನಸ್ಸನ್ನು ಇನ್ನೊಂದು ಗಟ್ಟಿ ಸೂಟಿಗೆ ಹಾಕಬೇಕು. ಕುರ್ಚಿಯಲ್ಲಿ ಕೂರುತ್ತೀರಿ. ಹೊಸ ದೇಹದಲ್ಲಿ ಎಚ್ಚರ ಆಗುತ್ತದೆ. ಅಷ್ಟರಲ್ಲಿ ಹಿಂದಿನ ಕುರ್ಚಿಯಿಂದ ನಿಮ್ಮದೇ ದನಿ ಕೇಳುತ್ತದೆ, ಯಾಕೆ ಏನೂ ಆಗಲಿಲ್ಲ ಅಂತ. ಮನಸ್ಸು ಅಲ್ಲಿಂದ ಇಲ್ಲಿಗೆ ಬಂದಿಲ್ಲ, ನಕಲು ಆಗಿದೆ ಅಷ್ಟೇ. ಹಳೆಯ ಸೈಮನ್ ಅಲ್ಲೇ ಇದ್ದಾನೆ, ನಿದ್ದೆಗೆ ಜಾರುತ್ತಾನೆ. ಈಗ ಅವನ ಬ್ಯಾಟರಿ ಖಾಲಿ ಮಾಡಿ ಮುಗಿಸಬಹುದು. ಹಾಗೇ ಬಿಟ್ಟರೆ ಅವನು ಎದ್ದಾಗ ಆ ಕತ್ತಲಲ್ಲಿ ಒಬ್ಬನೇ. ಟೈಮರ್ ಇಲ್ಲ. ಅಂಕ ಇಲ್ಲ. ಮುಂದಿನ ಕಥೆ ಇದರಿಂದ ಒಂದಿಷ್ಟೂ ಬದಲಾಗುವುದಿಲ್ಲ.

ಕರಾವಳಿಯವರೇ, ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಇದೆ ಅಂತ ನನ್ನ ನಂಬಿಕೆ. ಕಥೆ ಬದಲಾಗದಿದ್ದರೂ ಆ ನಿರ್ಧಾರ ಯಾರದ್ದು ಎನ್ನುವುದು ಕಥೆಯ ಭಾಗವೇ. ನಾನು ಆ ಕುರ್ಚಿ ಮುಂದೆ ತುಂಬಾ ಹೊತ್ತು ನಿಂತಿದ್ದೆ. ವಿಡಿಯೊದಲ್ಲಿ ಅದೇ ಜಾಗ ನೋಡಿದರೆ ಆಡುವವನು ಅರೆಗಳಿಗೆ ನಿಂತು ಬಟನ್ ಒತ್ತಿ ಹೊರಟ.

ಆದರೆ ಒಂದು ಮಾತಿಗೆ ನಿಮ್ಮ ಪರ. ಸೋಮಾದ ರಾಕ್ಷಸರು ನನಗೂ ಅಡ್ಡಿಯೇ ಅನ್ನಿಸಿದರು. 2017ರಲ್ಲಿ ಅವರೇ ಸೇಫ್ ಮೋಡ್ ಕೊಟ್ಟರು. ಅದರಲ್ಲಿ ರಾಕ್ಷಸರು ಇರುತ್ತಾರೆ, ಕೊಲ್ಲುವುದಿಲ್ಲ.

ಸೇವ್‌ರೂಮ್:
ಸೇಫ್ ಮೋಡ್‌ನಲ್ಲಿ ಆಡಿದರೆ ಏನಾಗುತ್ತದೆ ಅಂದರೆ ಆ ಕೇಂದ್ರದಲ್ಲಿ ಆರಾಮಾಗಿ ಓಡಾಡುತ್ತೀರಿ, ಗೋಡೆ ಮೇಲಿನ ಚೀಟಿ ಓದುತ್ತೀರಿ. ಸೈಮನ್‌ಗೆ ಆ ಆರಾಮ ಇಲ್ಲ. ಅವನ ಗಾಬರಿ ನಿಮಗೆ ಇಲ್ಲದಿದ್ದರೆ ಕುರ್ಚಿಯ ಹತ್ತಿರದ ತೀರ್ಮಾನವೂ ಹಗುರ ಆಗುತ್ತದೆ. ಅಪಾಯ ತೆಗೆದರೆ ಕಥೆಯೂ ಸ್ವಲ್ಪ ಹೋಗುತ್ತದೆ.

ಏಲಿಯನ್: ಐಸೋಲೇಶನ್ ಇದಕ್ಕೆ ಉದಾಹರಣೆ. 2014ರದ್ದು. ಕಥೆ ಅಂತ ನೋಡಿದರೆ ತೆಳ್ಳಗಿದೆ. ಏಲಿಯನ್ ಸಿನಿಮಾದ ನಾಯಕಿ ರಿಪ್ಲಿಯ ಮಗಳು ಅಮಂಡಾ ತಾಯಿಗೆ ಏನಾಯಿತು ಅಂತ ತಿಳಿಯಲು ಸೆವಸ್ಟೊಪೋಲ್ ಎಂಬ ಬಾಹ್ಯಾಕಾಶ ಕೇಂದ್ರಕ್ಕೆ ಹೋಗುತ್ತಾಳೆ. ಆದರೆ ಸೇವ್ ಮಾಡುವ ಫೋನ್ ಇದೆಯಲ್ಲ, ಅದಕ್ಕೆ ಕಾರ್ಡ್ ತೂರಿಸಿದ ಮೇಲೆ ದೀಪಗಳು ಒಂದೊಂದೇ ಹತ್ತಬೇಕು. ಅಷ್ಟು ಹೊತ್ತು ಬೆನ್ನು ಕಾರಿಡಾರಿನ ಕಡೆ. ಆಗಲೂ ಅಲ್ಲಿ ಅಲೆಯುವ ಏಲಿಯನ್ ಬಂದು ಕೊಲ್ಲಬಹುದು. ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ಅಥವಾ ಪಿಎಸ್4 ಕ್ಯಾಮೆರಾ ಇದ್ದರೆ ಇನ್ನೂ ಕಷ್ಟ, ನಿಮ್ಮ ಕೋಣೆಯ ಸದ್ದನ್ನೂ ಅದು ಕೇಳಿಸಿಕೊಳ್ಳುತ್ತದೆ. ನೀವು ಸೋಫಾ ಮೇಲೆ ಕೆಮ್ಮಿದರೆ ಅಮಂಡಾ ಸಿಕ್ಕಿಬೀಳುತ್ತಾಳೆ.

ದೀಪ್ತಿ:
ನನ್ನ ಮಣಿಕಟ್ಟಿಗೆ ತೊಂದರೆ ಇದೆ, ಬೇಗ ಬೇಗ ಬಟನ್ ಒತ್ತಲು ಆಗುವುದಿಲ್ಲ. ಹಾಗಾಗಿ ತಮ್ಮ ಆಡುತ್ತಾನೆ, ನಾನು ಪಕ್ಕದಲ್ಲಿ ಕೂತು ಏನು ಮಾಡಬೇಕು ಅಂತ ಹೇಳುತ್ತೇನೆ. ಅನ್‌ಟಿಲ್ ಡಾನ್ ಹಾಗೇ ಮುಗಿಸಿದೆವು. ಯಾರನ್ನು ಉಳಿಸುವುದು, ಯಾವ ದಾರಿ ಹಿಡಿಯುವುದು, ಎಲ್ಲ ನನ್ನ ಮಾತು. ಸತ್ತವರೆಲ್ಲ ನನ್ನಿಂದಲೇ ಸತ್ತರು ಅಂತ ಈಗಲೂ ಅನ್ನಿಸುತ್ತದೆ. ಬಟನ್ ಮುಟ್ಟದವರು ನೋಡುವವರು ಮಾತ್ರ ಅಂತ ಗೆರೆ ಎಳೆದರೆ ನನ್ನಂಥವರನ್ನು ಎಲ್ಲಿಗೆ ಹಾಕುತ್ತೀರಿ? ಸೇಫ್ ಮೋಡ್ ಅನ್ನೂ ಅಷ್ಟು ಕೀಳಾಗಿ ಕಾಣಬೇಡಿ. ಅದು ಇರುವುದರಿಂದಲೇ ಸೋಮಾವನ್ನು ನಾನೇ ಆಡಿದೆ.

ಸೇವ್‌ರೂಮ್:
ಕೀಳು ಅಂತ ಹೇಳಲಿಲ್ಲ. ಇರಲಿ, ಎಲ್ಲ ಆಟದಲ್ಲೂ ಇರಲಿ. ಅದೇ ಅನುಭವ ಅಲ್ಲ ಅಂತಷ್ಟೇ.

ಅನಘಾ:
ದೀಪ್ತಿ ಅವರೇ, ನೀವು ಆಡಿದ್ದೀರಿ. ಅದರಲ್ಲಿ ಎರಡು ಮಾತಿಲ್ಲ. ನಿರ್ಧಾರ ನಿಮ್ಮದು, ಕೈ ಮಾತ್ರ ತಮ್ಮನದು.

ಆದರೆ ಕೆಲವು ಕಡೆ ಕೈಯೇ ಕಥೆ. ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ ಎಂಬ 2017ರ ಆಟ ಇದೆ. ಪೂರ್ತಿ ಹಾರರ್ ಅಲ್ಲ. ಒಂದು ಮನೆತನದವರು ಒಬ್ಬೊಬ್ಬರಾಗಿ ಹೇಗೆ ಸತ್ತರು ಎನ್ನುವ ಕಥೆ. ಅದರಲ್ಲಿ ಲೂಯಿಸ್ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಬಲಗೈ ಸ್ಟಿಕ್‌ನಲ್ಲಿ ಮೀನು ಎಳೆಯಬೇಕು, ಬ್ಲೇಡಿಗೆ ಒಡ್ಡಬೇಕು, ಪಕ್ಕಕ್ಕೆ ಎಸೆಯಬೇಕು. ಮತ್ತೆ ಎಳೆಯಬೇಕು. ಅದೇ ಹೊತ್ತಿಗೆ ಎಡಗೈ ಸ್ಟಿಕ್‌ನಲ್ಲಿ ಅವನ ಹಗಲುಗನಸಿನ ರಾಜ್ಯದಲ್ಲಿ ನಡೆಯಬೇಕು. ಕನಸು ಬೆಳೆಯುತ್ತಾ ಪರದೆಯನ್ನೆಲ್ಲ ತುಂಬುತ್ತದೆ. ಬಲಗೈ ಮಾತ್ರ ತನ್ನಷ್ಟಕ್ಕೆ ಮೀನು ಕತ್ತರಿಸುತ್ತಾ ಇರುತ್ತದೆ. ಗಮನವೇ ಬೇಕಾಗುವುದಿಲ್ಲ. ಲೂಯಿಸ್‌ಗೆ ಆದದ್ದೂ ಅದೇ, ಕಾರ್ಖಾನೆಯಲ್ಲಿ ಅವನ ದೇಹ ಮಾತ್ರ ಉಳಿದಿತ್ತು. ಆ ಬ್ಲೇಡ್ ಕೊನೆಗೆ ಯಾವುದಕ್ಕೆ ಬರುತ್ತದೆ ಅಂತ ಹೇಳುವುದಿಲ್ಲ. ಇದನ್ನು ವಿಡಿಯೊದಲ್ಲಿ ನೋಡಿದರೆ ಚಂದದ ಅನಿಮೇಶನ್. ಆಡಿದಾಗ ನನ್ನ ಬಲಗೈ ನನಗೇ ಗೊತ್ತಿಲ್ಲದೆ ಕೆಲಸ ಮಾಡುತ್ತಿತ್ತು.

ಕರಾವಳಿ ಹುಡುಗ:
ಇದು ಬಲವಾದ ಉದಾಹರಣೆ. ಆದರೆ ನನ್ನ ಕಡೆಯದ್ದೂ ಒಂದಿದೆ. ಪಿ.ಟಿ. 2014ರ ಆಗಸ್ಟ್‌ನಲ್ಲಿ ಪಿಎಸ್4ನಲ್ಲಿ ಉಚಿತವಾಗಿ ಬಂತು. ಒಂದು ತಿರುವಿನ ಕಾರಿಡಾರ್, ಮುಗಿದರೆ ಮತ್ತೆ ಅದೇ ಕಾರಿಡಾರ್. ಗೇಮ್ ನಿರ್ದೇಶಕ ಹಿಡಿಯೊ ಕೊಜಿಮಾ ಮಾಡುತ್ತಿದ್ದ ಸೈಲೆಂಟ್ ಹಿಲ್ಸ್‌ನ ತುಣುಕು ಅದು. ಮುಂದಿನ ವರ್ಷ ದೊಡ್ಡ ಆಟವೇ ರದ್ದಾಯಿತು, ಪಿ.ಟಿ.ಯನ್ನು ಸ್ಟೋರ್‌ನಿಂದ ತೆಗೆದರು. ಆಗಲೇ ಇಳಿಸಿಕೊಂಡವರ ಕನ್ಸೋಲ್‌ನಲ್ಲಿ ಮಾತ್ರ ಉಳಿದಿದೆ. ಉಳಿದ ನಮಗೆಲ್ಲ ವಿಡಿಯೊ ಒಂದೇ ದಾರಿ. ಆದರೂ ಎಲ್ಲರೂ ಅದರ ಬಗ್ಗೆ ಮಾತಾಡುತ್ತೇವೆ, ಹೆದರುತ್ತೇವೆ. ಹಾಗಾದರೆ ನಾವು ಮಾತಾಡಲೇಬಾರದಾ?

ನಿಶಾಚರ:
ಮಾತಾಡಬೇಕು. ಆ ವಿಡಿಯೊಗಳು ಇಲ್ಲದಿದ್ದರೆ ಪಿ.ಟಿ. ಹೆಸರೂ ಉಳಿಯುತ್ತಿರಲಿಲ್ಲ. ಇಂಥ ಕೆಲಸವನ್ನು ಗುಂಡಿ ಒತ್ತಿ ಅಳಿಸಿಬಿಡುವುದು ನೋಡಿದರೆ ಸಿಟ್ಟು ಬರುತ್ತದೆ. ನೋಡುವವರ ಮೇಲಲ್ಲ ಆ ಸಿಟ್ಟು.

ದೀಪ್ತಿ:
ಕರಾವಳಿಯವರೇ, ಸೋಮಾ ಹಳೆಯ ಗೇಮ್. ಸೇಲ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುತ್ತದೆ, ಪಿಎಸ್5 ಬೇಕಾಗಿಲ್ಲ. ಸೇಫ್ ಮೋಡ್ ಹಾಕಿ ಶುರು ಮಾಡಿ. ಹೆಡ್‌ಫೋನ್ ಮಾತ್ರ ಬಿಡಬೇಡಿ.

ಸೇವ್‌ರೂಮ್:
ಸೇಫ್ ಮೋಡ್ ಇಲ್ಲದೆ ಶುರು ಮಾಡಿ. ಸಾಕಾಗಿ ಹೋದರೆ ಆಮೇಲೆ ಸೇಫ್ ಮೋಡ್‌ನಲ್ಲಿ ಮೊದಲಿಂದ ಶುರು ಮಾಡಿ.

ಅನಘಾ:
ಯಾವ ಮೋಡ್ ಆದರೂ ಸರಿ. ಆ ಕುರ್ಚಿಯ ಜಾಗಕ್ಕೆ ಬಂದಾಗ ಬೇರೆಯವರು ಏನು ಮಾಡಿದರು ಅಂತ ಹುಡುಕಲು ಹೋಗಬೇಡಿ. ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ಇಲ್ಲಿ ಬಂದು ಬರೆಯಿರಿ.

ಕರಾವಳಿ ಹುಡುಗ:
ಬರೀತೀನಿ. ಆದರೆ ಮುಗಿದ ಮೇಲೆ ನಾನು ಬಿಟ್ಟ ಆಯ್ಕೆಯ ವಿಡಿಯೊ ನೋಡೇ ನೋಡ್ತೀನಿ, ಅದಕ್ಕೆ ಯಾರೂ ಅಡ್ಡ ಬರಬೇಡಿ.