ಮಳೆಮರದ ಸಸಿಗಳು ಬುಡ ಸೊರಗಿ ಬೀಳುತ್ತಿವೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆ ಬಯಲಲ್ಲಿ ಒಂದು ಚೂರೂ ನೆರಳಿಲ್ಲ. ಅದಕ್ಕೇ ರಸ್ತೆ ಬದಿಯ ಮಳೆಮರದಡಿ ಬಿದ್ದ ಕಾಯಿ ಆರಿಸಿ ತಂದೆ. ಒಳಗೆಲ್ಲ ಬೆಲ್ಲದ ಪಾಕದಂಥ ಅಂಟು. ತೊಳೆದು 40 ಬೀಜ ತೆಗೆದೆ. ಸುಮ್ನೆ ನೆನೆಸಿದವು ಉಬ್ಬಲೇ ಇಲ್ಲ, ಸಿಪ್ಪೆ ಅಷ್ಟು ಗಟ್ಟಿ. ಉಗುರು ಕತ್ತರಿಯಿಂದ ಅಂಚು ಚೂರು ಕತ್ತರಿಸಿ ರಾತ್ರಿಯಿಡೀ ನೆನೆಸಿದ ಮೇಲೆ 22 ಮೊಳೆತವು. ಸಂಜೆಯಾದರೆ ಪುಟ್ಟ ಎಲೆಗಳು ಕೈ ಮುಗಿದ ಹಾಗೆ ಮಡಚಿಕೊಳ್ಳುತ್ತವೆ, ನೋಡೋದೇ ಖುಷಿ.

ಈಗ ಒಂದೊಂದಾಗಿ ಮಣ್ಣಿನ ಮಟ್ಟದಲ್ಲಿ ದಾರದಂತೆ ತೆಳ್ಳಗಾಗಿ ವಾಲುತ್ತಿವೆ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಸಮ ಸಮ ಹಾಕಿದ್ದೆ. ದಿನಕ್ಕೆ ಎರಡು ಸಲ ನೀರು. ಜಾಸ್ತಿ ಆಯ್ತಾ? ಮರಳು ಬೆರೆಸಬೇಕಿತ್ತಾ? ಈಗ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿದರೆ ಉಳಿದ 13 ಸಸಿ ಬದುಕುತ್ತವಾ? ಬೆಳೆಸಿದವರು ದಯವಿಟ್ಟು ಬೇಗ ಹೇಳಿ.